ಕಟ್ಟಕ್ಕೆ ಕೋಡಿ ಬಿಟ್ಟಿದ್ದೀರಾ?

ಕೀನ್ಯಾದ ಸೋಲೈಯಲ್ಲಿ 2018ರ ಮೇ 9ರ ರಾತ್ರಿ ಖಾಸಗಿ ತೋಟವೊಂದರ ನೀರಾವರಿ ಕಟ್ಟ ಮಳೆಗೆ ಒಡೆಯಿತು. ಕೆಳಗಿನ ಊರಲ್ಲಿ 40ಕ್ಕೂ ಹೆಚ್ಚು ಜನ ಸತ್ತರು.

ನಮ್ಮ ಗುಡ್ಡದ ತೋಡುಗಳಿಗೂ ಹಿಟಾಚಿ ತಂದು ಮಣ್ಣಿನ ಕಟ್ಟ ಹಾಕುವವರಿದ್ದಾರೆ. ಕೋಡಿ ಮಾತ್ರ ‘ಆಮೇಲೆ ನೋಡುವಾ’. ದುಡ್ಡು ಉಳಿಸುವುದು ಅಲ್ಲೇ! ಮಣ್ಣಿನ ಕಟ್ಟದ ಮೇಲಿಂದ ನೀರು ಹರಿಯಿತೋ, ಮುಗೀತು, ಕೊರೆದುಕೊಂಡು ಹೋಗುತ್ತದೆ. ಕೋಡಿ ಅಗಲವಾಗಿ, ಪಕ್ಕದ ಗಟ್ಟಿ ನೆಲದಲ್ಲಿರಲಿ.

ಹೊರಮೈಯ ಬುಡದಲ್ಲಿ ತಿಳಿನೀರು ಒಸರಿದರೆ ದಿನಾ ನೋಡ್ತಾ ಇರಿ. ಕೆಂಪು ನೀರು ಬಂದರೆ ಒಳಗೆ ಮಣ್ಣು ಕರಗುತ್ತಿದೆ ಎಂದರ್ಥ. ಹೆಗ್ಗಣದ ಬಿಲ, ಏಡಿ ಮಾಟೆ, ಕಡಿದ ಮರದ ಕೊಳೆತ ಬೇರು, ಇವೇ ದಾರಿ ಮಾಡಿಕೊಡುವುದು. ಅಂಥಾ ಹೊತ್ತಿಗೆ ಮೊದಲು ಕೆಳಗಿನ ಮನೆಯವರನ್ನು ಎಬ್ಬಿಸಿ, ಆಮೇಲೆ ನೀರು ಇಳಿಸಿ.

ಹೊಸ ಕಟ್ಟವನ್ನು ಮೊದಲ ಮಳೆಗಾಲ ಪೂರ್ತಿ ತುಂಬಿಸಬೇಡಿ.