ಗುಣವಾಗದ ಅರ್ಬುದರೋಗ: ದಂಪತಿಗಳ ಮನೋಧೈರ್ಯ

ಅರ್ಬುದರೋಗ, ಅಂದರೆ ಕ್ಯಾನ್ಸರನ್ನು ಆರಂಭದಲ್ಲಿಯೇ ಗುರುತಿಸಿದರೆ ಬಹಳಷ್ಟು ಮಂದಿ ಗುಣಹೊಂದುತ್ತಾರೆ. ಆದರೆ ಬಾಯಿ, ಸ್ತನ ಅಥವಾ ಗರ್ಭಕೊರಳಿನ ರೋಗವು ದೇಹದ ಇತರ ಭಾಗಗಳಿಗೆ ಹರಡಿದ ಬಳಿಕ ಆಸ್ಪತ್ರೆಗೆ ಬರುವವರು ಇಂದಿಗೂ ಇದ್ದಾರೆ. ಅಂಥವರಿಗೆ “ಪೂರ್ಣ ಗುಣಪಡಿಸಲಾಗದು” ಎಂದು ವೈದ್ಯರು ಹೇಳಬೇಕಾಗುತ್ತದೆ. ಮಾಡಬೇಕಾದುದು ಏನೂ ಉಳಿದಿಲ್ಲವೆಂದು ಈ ಮಾತಿನ ಅರ್ಥವಲ್ಲ.

ತಳಮಳ ಸಹಜ

ಸುದ್ದಿ ಕೇಳಿದೊಡನೆ ಮನಸ್ಸು ಅದನ್ನು ನಂಬದಿರಬಹುದು. ಅನಂತರ ಸಿಟ್ಟು, ಭಯ, ದುಃಖಗಳು ಬರುತ್ತವೆ. ಇದು ದೌರ್ಬಲ್ಯವಲ್ಲ, ಅಳು ಬಂದರೆ ತಡೆಯಬೇಡಿರಿ. ಈ ರೋಗವು ಪೂರ್ವಜನ್ಮದ ಪಾಪದ ಫಲವಲ್ಲ, ಯಾರ ಶಾಪವೂ ಅಲ್ಲ. ಮುಟ್ಟಿದರೆ ಅಂಟುವುದೂ ಇಲ್ಲ. ಆದುದರಿಂದ ರೋಗಿಯ ತಾಟು, ಹಾಸಿಗೆಗಳನ್ನು ಬೇರ್ಪಡಿಸಬೇಡಿರಿ.

ಮುಚ್ಚಿಡುವುದು ಹಿತವಲ್ಲ

“ಅವಳಿಗೆ ತಿಳಿಸಬೇಡಿರಿ” ಎಂದು ಪತಿಯೂ, “ಯಜಮಾನರಿಗೆ ಹೇಳಬೇಡಿರಿ” ಎಂದು ಪತ್ನಿಯೂ ವೈದ್ಯರನ್ನು ಬೇಡಿಕೊಳ್ಳುವುದುಂಟು. ಇದಕ್ಕೆ ಪ್ರೀತಿಯೇ ಕಾರಣ. ಆದರೆ ರೋಗಿಗೆ ತನ್ನ ದೇಹದ ಸ್ಥಿತಿ ತಾನಾಗಿಯೇ ತಿಳಿಯತೊಡಗುತ್ತದೆ. ಆಗ ಇಬ್ಬರೂ ಏನೂ ಅರಿಯದವರಂತೆ ನಟಿಸುತ್ತ ಒಂದೇ ಮನೆಯಲ್ಲಿ ಒಂಟಿಯಾಗುತ್ತಾರೆ. ಎಷ್ಟು ತಿಳಿಯಬೇಕೆಂಬ ಇಚ್ಛೆಯಿದೆಯೆಂದು ರೋಗಿಯನ್ನೇ ಕೇಳಿರಿ. ಕೇಳಿದಷ್ಟಕ್ಕೆ ನಿಜವನ್ನೇ ಹೇಳಿರಿ. ಮಕ್ಕಳ ವಿದ್ಯೆ, ಹೊಲದ ಕಾಗದಪತ್ರ, ಸಾಲ ಇವುಗಳ ಕುರಿತು ಕೂಡಿ ಮಾತನಾಡಲು ಆಗ ಮಾತ್ರ ಸಾಧ್ಯ.

ನೋವಿಗೆ ಔಷಧವುಂಟು

ನೋವು ತಡೆಯಲಾರದಾದಾಗ ಧೈರ್ಯವೂ ಉಡುಗುತ್ತದೆ. ತೀವ್ರ ನೋವಿಗೆ ಮಾರ್ಫಿನ್ ಮಾತ್ರೆಗಳುಂಟು. ಆಸ್ಪತ್ರೆಗಳು ಇದನ್ನು ಪಡೆಯಲು ಅನುಕೂಲವಾಗುವಂತೆ 2014ರಲ್ಲಿ ಕಾನೂನು ತಿದ್ದುಪಡಿಯಾಗಿದೆ. ವೈದ್ಯರು ಹೇಳಿದ ಪ್ರಮಾಣದಲ್ಲಿ, ಹೇಳಿದ ವೇಳೆಗೆ ಸೇವಿಸಿದರೆ ಚಟವಾದೀತೆಂಬ ಅಂಜಿಕೆ ಬೇಡ. ಮಲಬದ್ಧತೆಯಾಗುವುದುಂಟು, ಅದಕ್ಕೂ ಔಷಧ ಕೇಳಿ ಪಡೆಯಿರಿ. ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆ, ಹುಬ್ಬಳ್ಳಿಯ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಳಲ್ಲಿ ಸಲಹೆ ಪಡೆಯಬಹುದು. ಬೆಂಗಳೂರಿನ ಕರುಣಾಶ್ರಯದಲ್ಲಿ 1999ರಿಂದ ಇಂತಹ ರೋಗಿಗಳ ಶುಶ್ರೂಷೆ ಉಚಿತವಾಗಿ ನಡೆಯುತ್ತಿದೆ. ಖಂಡಿತ ಗುಣಪಡಿಸುವೆವೆನ್ನುವವರ ಮಾತಿಗೆ ಮರುಳಾಗಿ ಹೊಲ ಮಾರಬೇಡಿರಿ.

ಕೈಲಾದ ಕೆಲಸ

ರೋಗಿಯನ್ನು ಮೂಲೆಯಲ್ಲಿ ಮಲಗಿಸಿಬಿಡಬೇಡಿರಿ. ಇಳಕಲ್ಲಿನ ನೇಕಾರ ಮಹಿಳೆಯು ಮಗ್ಗದಲ್ಲಿ ಕೂಡಲಾರದಿದ್ದರೂ ಕಂಡಿಕೆ ಸುತ್ತಬಲ್ಲಳು. ಹುನಗುಂದದ ರೈತನು ಹೊಲಕ್ಕೆ ಹೋಗಲಾರದಿದ್ದರೂ ಬಿಳಿಜೋಳದ ಬಿತ್ತನೆಯ ಬಗ್ಗೆ ಮಗನಿಗೆ ತಿಳಿಹೇಳಬಲ್ಲನು. ಬಾದಾಮಿಯ ಬನಶಂಕರಿ ಜಾತ್ರೆ ನೋಡುವ ಆಸೆಯಿದ್ದರೆ ವೈದ್ಯರನ್ನು ಕೇಳಿ ಕರೆದೊಯ್ಯಿರಿ.

ಎಚ್ಚರಿಕೆ

ಎರಡು ವಾರ ಕಳೆದರೂ ರೋಗಿಯು ಯಾರೊಡನೆಯೂ ಮಾತನಾಡದೆ, ಯಾವುದರಲ್ಲಿಯೂ ಆಸಕ್ತಿಯಿಲ್ಲದೆ ಇದ್ದರೆ ವೈದ್ಯರಿಗೆ ತಿಳಿಸಿರಿ. ಪ್ರಾಣ ಕಳೆದುಕೊಳ್ಳುವ ಮಾತನಾಡಿದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಕರೆತನ್ನಿರಿ, ಒಬ್ಬರನ್ನೇ ಬಿಡಬೇಡಿರಿ. 2022ರಲ್ಲಿ ಆರಂಭವಾದ ಟೆಲಿ ಮನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೂರವಾಣಿ ಮಾಡಬಹುದು. ಆರೈಕೆ ಮಾಡುವವರೂ ದಣಿಯುತ್ತಾರೆ. ಅವರಿಗೂ ಊಟ, ನಿದ್ರೆ, ಸಾಂತ್ವನ ಬೇಕು. ಬಂಧುಗಳು ಸರದಿಯಂತೆ ನೆರವಾಗಲಿ.

ಇಂದು ರಾತ್ರಿ ಊಟವಾದ ಮೇಲೆ ಪತಿಪತ್ನಿಯರು ಹತ್ತಿರ ಕುಳಿತು, ಮನಸ್ಸಿನಲ್ಲಿರುವ ಅಂಜಿಕೆಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಿರಿ.