ನಾಲ್ಕು ಕ್ವಿಂಟಾಲಿನ ಫೈಟರ್ ಯಾರು, ಹೇಳಿ ನೋಡೋಣ!

ಒಬ್ಬ ಫೈಟರ್ ಬಗ್ಗೆ ಹೇಳುತ್ತೇನೆ. ಯಾರೆಂದು ನೀವೇ ಊಹಿಸಿ!

ಮನೆ ಹಾನಗಲ್ ತಾಲ್ಲೂಕಿನಲ್ಲಿ ಇರಬಹುದು, ಶಿಗ್ಗಾಂವಿಯಲ್ಲಿ ಇರಬಹುದು, ಸವಣೂರು, ಹಿರೇಕೆರೂರು ಕಡೆಯೂ ಇರಬಹುದು. ದಿನಾ ಕೆರೆಯಲ್ಲಿ ಈಜು. ಆಮೇಲೆ ಓಟ. ಊಟಕ್ಕೆ ಹುರುಳಿ, ಬೆಲ್ಲ, ಹಾಲು, ಮೊಟ್ಟೆ. ಮೈ ತಿಕ್ಕಿ ತೊಳೆಯಲು ಆಳು. ಹುಟ್ಟುಹಬ್ಬಕ್ಕೆ ಕೇಕು! ಅವನ ಫೋಟೊ ಅಚ್ಚು ಹಾಕಿಸಿದ ಟೀ ಶರ್ಟು ತೊಟ್ಟು ಓಡಾಡುವ ಅಭಿಮಾನಿಗಳು!

ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಪಟು ಅಂದಿರಾ? ಟಿವಿಯಲ್ಲಿ ಪಂಜರದೊಳಗೆ ಗುದ್ದಾಡುವವರನ್ನು ನೆನಪಿಸಿಕೊಂಡಿರಾ? ಹತ್ತಿರ ಬಂದಿರಿ. ಆದರೆ ತಡೆಯಿರಿ.

ಅಮೆರಿಕದ ಯುಎಫ್‌ಸಿಯಲ್ಲಿ ಹೆವಿವೇಟ್ ಪಟುವಿನ ತೂಕ ಸುಮಾರು 120 ಕೆ.ಜಿ. ದಾಟುವಂತಿಲ್ಲ. ನಮ್ಮವನ ತೂಕ? ನಾಲ್ಕು ಕ್ವಿಂಟಾಲಿನ ಆಸುಪಾಸು! ಅಲ್ಲಿ ಐದೈದು ನಿಮಿಷದ ಮೂರು ಸುತ್ತು. ಇಲ್ಲಿ? ಒಂದು ನಿಮಿಷವೂ ಇಲ್ಲ! ಅಲ್ಲಿ ಎದುರಾಳಿ ಒಬ್ಬ. ಇಲ್ಲಿ ಹತ್ತಾರು ಮಂದಿ! ಒಂದೇ ಸಲಕ್ಕೆ!

ಇನ್ನೂ ಗೊತ್ತಾಗಲಿಲ್ಲವೇ? ಒಂದು ಸುಳಿವು ಕೊಡುತ್ತೇನೆ. ನಮ್ಮವನಿಗೆ ಕಾಲು ನಾಲ್ಕು.

ಹೋರಿ!

ಹೌದು, ಹಾವೇರಿ ಸೀಮೆಯ ಹೋರಿ! ಬಲಿಪಾಡ್ಯಮಿ ಬಂತೆಂದರೆ ಊರೂರಲ್ಲಿ ಹೋರಿ ಹಬ್ಬ. ಹೋರಿ ಬೆದರಿಸುವ ಸ್ಪರ್ಧೆ ಅನ್ನಿ, ಕೊಬ್ಬರಿ ಹೋರಿ ಅನ್ನಿ, ಹಟ್ಟಿ ಹಬ್ಬ ಅನ್ನಿ. ಇವತ್ತು ಈ ಊರು, ನಾಳೆ ಆ ಊರು. ದೀಪಾವಳಿಗೆ ಹತ್ತಿದ ಕಿಚ್ಚು ಸಂಕ್ರಾಂತಿ ದಾಟಿದರೂ ಆರುವುದಿಲ್ಲ.

ಅಖಾಡ ಹೇಗಿರುತ್ತದೆ ಗೊತ್ತೇ? ಉದ್ದಕ್ಕೆ ಒಂದು ಓಣಿಯಂಥ ದಾರಿ. ಎರಡೂ ಬದಿಗೆ ಜನ. ಗಿಡದ ಮೇಲೆ ಜನ, ಮಾಳಿಗೆ ಮೇಲೆ ಜನ, ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಜನ! ದಾರಿಯ ಆ ತುದಿಯಲ್ಲಿ ಹೋರಿ. ಮೈಮೇಲೆ ಜೂಲ, ಕೋಡಿಗೆ ಬಲೂನು, ರಿಬ್ಬನ್ನು. ಕೊರಳಿಗೆ ಒಣ ಕೊಬ್ಬರಿಯ ಹಾರ. ಮೈಕಿನಲ್ಲಿ ಹೆಸರು ಕೂಗುತ್ತಾರೆ. ಎಂಥ ಹೆಸರು! ದೇವರ ಹೆಸರು, ಸಿನಿಮಾದ ಹೆಸರು, ಕೇಳಿದರೆ ಎದೆ ಝಲ್ಲೆನ್ನುವ ರಾಕ್ಷಸರ ಹೆಸರು!

ಹಗ್ಗ ಬಿಚ್ಚಿದರು!

ಧೂಳು! ಕೇಕೆ! ಮುಂದೆ ಹತ್ತಾರು ಪೈಲ್ವಾನರು. ಒಬ್ಬ ಕೊರಳಿಗೆ ಜೋತುಬೀಳುತ್ತಾನೆ. ಇನ್ನೊಬ್ಬ ಡುಬ್ಬ ಹಿಡಿಯುತ್ತಾನೆ. ಮತ್ತೊಬ್ಬನ ಕೈ ಕೊಬ್ಬರಿಗೆ ತಾಗಿತು, ಜಾರಿತು! ‘ಹೋತು, ಹೋತು, ಹೋತು!’ ಅಷ್ಟೇ. ಹೋರಿ ಆಚೆ ಪಾರಾಗಿಬಿಟ್ಟಿರುತ್ತದೆ.

ಇಲ್ಲಿದೆ ನನ್ನನ್ನು ಬೆರಗುಗೊಳಿಸಿದ ಸಂಗತಿ. ಈ ಫೈಟರ್ ಗೆಲ್ಲುವುದು ಯಾರನ್ನೋ ಕೆಡವಿ ಅಲ್ಲ. ಯಾರ ಕೈಗೂ ಸಿಗದೆ! ಕೊಬ್ಬರಿ ಹರಿಯಲು ಬಿಡದೆ ಓಡಿದರೆ ಗೆಲುವು. ಗುದ್ದಿಗೆ ಅಂಕವಿಲ್ಲ, ತಿವಿತಕ್ಕೆ ಅಂಕವಿಲ್ಲ. ನುಣುಚಿಕೊಳ್ಳುವುದೇ ವಿದ್ಯೆ! ಇತ್ತ ಓಡುವ ಹೋರಿಯನ್ನು ತಡೆದು ಕೊಬ್ಬರಿ ಹರಿದವನೂ ಗೆದ್ದಂತೆಯೇ. ಒಂದೇ ಅಖಾಡದಲ್ಲಿ ಪ್ರಾಣಿಗೂ ಬಹುಮಾನ, ಮನುಷ್ಯನಿಗೂ ಬಹುಮಾನ! 

ಸರಿ, ಅಷ್ಟು ಜನರ ನಡುವೆ ಅದು ನುಣುಚಿಕೊಳ್ಳುವುದಾದರೂ ಹೇಗೆ? ಕಣ್ಣು ನೋಡಿ! ತಲೆಯ ಎರಡು ಪಕ್ಕಕ್ಕೆ ಒಂದೊಂದು. ನಾವು ತಲೆ ತಿರುಗಿಸದೆ ನೋಡಬಲ್ಲದ್ದು ಸುಮಾರು 180 ಡಿಗ್ರಿ, ಅರ್ಧ ವೃತ್ತ. ದನಕ್ಕೆ ಎಷ್ಟು ಕಾಣುತ್ತದೆ, ಊಹಿಸಿ.

200? ಇನ್ನೂ ಮೇಲೆ. 250? ಇನ್ನೂ ಮೇಲೆ! ಸುಮಾರು 330 ಡಿಗ್ರಿ!

ಅಂದರೆ ಎಡಗಡೆಯ ಗುಂಪು, ಬಲಗಡೆಯ ಗುಂಪು, ಎರಡೂ ಒಟ್ಟಿಗೇ ಕಾಣುತ್ತವೆ! ಕಾಣದ್ದು ಬೆನ್ನ ಹಿಂದಿನ ಒಂದು ಸಣ್ಣ ಪಟ್ಟಿ, ಮೂಗಿನ ಬುಡದ ಒಂದಿಷ್ಟು ಜಾಗ, ಅಷ್ಟೇ. ಕಿವಿಯೋ, ನಮ್ಮ ಕಿವಿಗೆ ನಿಲುಕದ ಸಣ್ಣ ಕೀರಲು ದನಿಯನ್ನೂ ಹಿಡಿಯುತ್ತದೆ. ಕೆಂಪು ಬಣ್ಣ ಕಂಡರೆ ಕೆರಳುತ್ತದೆ ಅಂತೀರಾ? ದನದ ಕಣ್ಣಿಗೆ ಕೆಂಪು ನಮಗೆ ಕಂಡಂತೆ ಕಾಣುವುದೇ ಇಲ್ಲ! ಅದು ಬೆದರುವುದು ಸದ್ದಿಗೆ, ನೂಕುನುಗ್ಗಲಿಗೆ, ಎದುರಿಗೆ ಥಟ್ಟನೆ ಅಲುಗುವ ಕೈಗೆ.

ಈ ಫೈಟರ್‌ನ ವಯಸ್ಸು ಹೇಗೆ ಎಣಿಸುತ್ತಾರೆ ಹೇಳಿ? ಹಲ್ಲಿನಿಂದ! ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು. ಎಂಟೂ ಬಂದರೆ ಬಾಯಿಗೂಡಿತು. ಹೆಚ್ಚುಕಡಿಮೆ ಐದು ವರ್ಷಕ್ಕೆ ಆ ಘಟ್ಟ. ಎಳೆಯದಿರುವಾಗಲೇ ಆರಿಸುತ್ತಾರೆ. ಸುಳಿ ನೋಡುತ್ತಾರೆ, ಕೋಡಿನ ಬಾಗು ನೋಡುತ್ತಾರೆ, ನಡಿಗೆ ನೋಡುತ್ತಾರೆ. ಕೈ ಹಾಕಿದರೆ ಮೈ ಹೇಗೆ ಅದಿರುತ್ತದೆ ಎಂದು ನೋಡುತ್ತಾರೆ. ಕೆಲವರು ಇಂಥ ಹೋರಿಯ ಹೆಗಲಿಗೆ ನೊಗ ತಾಗಿಸುವುದೇ ಇಲ್ಲ! ಉಳುವ ಎತ್ತು ಬೇರೆ, ಓಡುವ ಹೋರಿ ಬೇರೆ.

ತರಬೇತಿ? ಈಜಿದರೆ ಉಸಿರು ಗಟ್ಟಿ. ಉತ್ತ ಹೊಲದ ಮೆದು ಮಣ್ಣಿನಲ್ಲಿ ಓಡಿದರೆ ಕಾಲು ಗಟ್ಟಿ. ಹಾಲು, ಮೊಟ್ಟೆಯ ಜೊತೆ ಹತ್ತಿಕಾಳು, ಹಿಂಡಿ. ಮನೆಯ ಮಕ್ಕಳಿಗಿಂತ ಒಂದು ತುತ್ತು ಹೆಚ್ಚು!

ಬೆಲೆ? ಹೆಸರು ಮಾಡಿದ ಹೋರಿಗೆ ಲಕ್ಷಗಟ್ಟಲೆ! ಅಷ್ಟು ಕೊಡುತ್ತೇವೆಂದು ಬಂದವರನ್ನು ಚಹಾ ಕುಡಿಸಿ ವಾಪಸು ಕಳಿಸುವ ರೈತರಿದ್ದಾರೆ. ಗೆದ್ದರೆ ಬೈಕು, ಫ್ರಿಜ್ಜು, ತಿಜೋರಿ, ಬಂಗಾರ! ಸತ್ತರೆ? ಊರಿಗೆ ಊರೇ ಮೆರವಣಿಗೆ ಮಾಡಿ, ಹೂವು ಹೊದಿಸಿ ಮಣ್ಣು ಮಾಡುತ್ತದೆ. ಅಳುತ್ತದೆ. ನಿಜವಾಗಿಯೂ ಅಳುತ್ತದೆ.

ಈಗ ಇನ್ನೊಂದು ಒಗಟು. ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ದಂಡನಾಯಕನಿಗೂ ಸವಣೂರಿಗೂ ಏನು ಸಂಬಂಧ?

ಆತ ಇಲ್ಲಿಗೆ ಬಂದಿದ್ದ! 1800ರ ಜುಲೈ. ಬಂಡುಕೋರ ಧೋಂಡಿಯಾ ವಾಘ್‌ನ ಬೆನ್ನು ಹತ್ತಿದ ಇಂಗ್ಲಿಷರ ದಂಡು ಹರಿಹರದಲ್ಲಿ ತುಂಗಭದ್ರೆ ದಾಟಿ, ರಾಣೇಬೆನ್ನೂರು ಹಿಡಿದು, ಸವಣೂರಿನ ಹತ್ತಿರ ಬೀಡುಬಿಟ್ಟಿತು. ನಾಯಕ ಆರ್ಥರ್ ವೆಲ್ಲೆಸ್ಲಿ. ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದವನು ಅವನೇ! ಮಳೆಗಾಲದ ಎರೆಮಣ್ಣಿನಲ್ಲಿ ಅವನ ತೋಪುಗಳನ್ನು ಎಳೆದದ್ದು ಯಾರು? ಎತ್ತುಗಳು!

ಅದಕ್ಕೆ ಒಂದು ವರ್ಷ ಹಿಂದಷ್ಟೇ ಟಿಪ್ಪು ಮಡಿದು ಮೈಸೂರಿನ ಅಮೃತಮಹಲ್ ದನಗಳು ಇಂಗ್ಲಿಷರ ಪಾಲಾಗಿದ್ದವು. ತೋಪು ಎಳೆದುಕೊಂಡು ದಂಡಿನ ಜೊತೆ ದಾಪುಗಾಲು ಹಾಕುವುದಕ್ಕೆಂದೇ ಬೆಳೆಸಿದ ತಳಿ ಅದು. ವೆಲ್ಲಿಂಗ್ಟನ್ ಮುಂದೆ ಸ್ಪೇನ್, ಪೋರ್ಚುಗಲ್‌ಗಳಲ್ಲಿ ಕಾದುವಾಗ ಮೈಸೂರಿನ ಎತ್ತುಗಳು ಇಲ್ಲವಲ್ಲ ಎಂದು ಹಲುಬಿದ್ದನ್ನು ತಳಿಯ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ಇವತ್ತು ಹೋರಿ ಹಬ್ಬದ ಅಖಾಡದಲ್ಲಿ ಮಿಂಚುವ ತಳಿಗಳು ಯಾವುವು ಗೊತ್ತೇ? ಅದೇ ಅಮೃತಮಹಲ್! ಅದರ ಹತ್ತಿರದ ಬಂಧು ಹಳ್ಳಿಕಾರ್! ತೆಳು ಸೊಂಟ, ಗಟ್ಟಿ ಗೊರಸು, ಹಿಂದಕ್ಕೆ ಬಾಗಿ ಮೇಲೆದ್ದ ಕೋಡು. ಆ ಮೈಯಲ್ಲಿ ಯುದ್ಧಭೂಮಿಯ ರಕ್ತವಿದೆ!

ಇನ್ನೊಂದು ತಳಿ ನೋಡಬೇಕೇ? ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರಕ್ಕೆ ಹೋಗಿ. ಕೋಟೆಯೊಳಗೆ 139 ಎಕರೆ. 2006ರಲ್ಲಿ ಅದು ನವಿಲುಧಾಮ ಆಯಿತೆಂದು ಎಲ್ಲರಿಗೂ ಗೊತ್ತು. ಅದೇ ಕೋಟೆಯೊಳಗೆ ಇನ್ನೇನಿದೆ? ಸರ್ಕಾರದ ಖಿಲಾರಿ ತಳಿ ಸಂವರ್ಧನಾ ಕೇಂದ್ರ! ಕಂದಕದ ಬದಿಗೆ ನವಿಲು, ಬಯಲಿನಲ್ಲಿ ಖಿಲಾರಿ ದನ!

ಈ ಫೈಟರ್‌ನ ವೃತ್ತಿಜೀವನ ಇನ್ನೇನು ಮುಗಿಯಿತು ಅನ್ನುವ ಹೊತ್ತೂ ಬಂದಿತ್ತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ನಿಷೇಧಿಸಿತು. ಆ ತೀರ್ಪಿನ ನೆರಳು ಕಂಬಳದ ಮೇಲೂ ಬಿತ್ತು, ಹೋರಿ ಹಬ್ಬದ ಮೇಲೂ ಬಿತ್ತು. 2017ರಲ್ಲಿ ಕರ್ನಾಟಕ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತನ್ನ ತಿದ್ದುಪಡಿ ತಂದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು!

ಆದರೆ ಷರತ್ತುಗಳಿವೆ. ಹಿಂಸೆ ಕೂಡದು. ಇದು ಆಗಲೇಬೇಕಾದ ಮಾತು, ನಾನು ಮನಸಾರೆ ಒಪ್ಪುತ್ತೇನೆ. ಬಾಲ ತಿರುಚಿ ಓಡಿಸಿದ್ದು ಓಟವಲ್ಲ.

ಜನರ ಜೀವದ ಮಾತೂ ಇದೆ. 2025ರ ದೀಪಾವಳಿಯಲ್ಲಿ ಹಾವೇರಿ ಜಿಲ್ಲೆಯಲ್ಲಿ ಒಂದಲ್ಲ, ಹಲವು ಸಾವು. ಸತ್ತವರೆಲ್ಲ ಪೈಲ್ವಾನರೇ ಎಂದುಕೊಂಡಿರಾ? ಅಲ್ಲ! ಆಟಕ್ಕೇ ಬಾರದ, ತಮ್ಮ ಪಾಡಿಗೆ ರಸ್ತೆಯಲ್ಲಿ ನಡೆಯುತ್ತಿದ್ದ ವೃದ್ಧರೂ ಇದ್ದರು. ಅಖಾಡ ದಾಟಿದ ಹೋರಿಗೆ ಆಟ ಮುಗಿಯಿತೆಂದು ಯಾರು ಹೇಳಬೇಕು? ಅದು ಓಡುತ್ತಲೇ ಇರುತ್ತದೆ!

ಹಾಗಾಗಿ, ಹೋಗಿ! ಖಂಡಿತ ಹೋಗಿ! ಬಲಿಪಾಡ್ಯಮಿ ಮುಗಿದ ಮೇಲೆ ಹಾನಗಲ್ಲಿಗೋ ಹಿರೇಕೆರೂರಿಗೋ ಬಸ್ಸು ಹತ್ತಿ, ಇವತ್ತು ಯಾವ ಊರಲ್ಲಿ ಹೋರಿ ಅಂತ ಚಹಾ ಅಂಗಡಿಯಲ್ಲಿ ಕೇಳಿ. ಆದರೆ ಅಖಾಡ ಮುಗಿಯುವ ತುದಿಯಲ್ಲಿ ಮಾತ್ರ ನಿಲ್ಲಬೇಡಿ. ಮಕ್ಕಳನ್ನು ಅಲ್ಲಿ ಬಿಡಲೇಬೇಡಿ. ಯಾವುದಾದರೂ ಮಾಳಿಗೆ ಹತ್ತಿ. ಮೇಲಿನಿಂದಲೇ ಚೆನ್ನಾಗಿ ಕಾಣುವುದು: ಕೈಗಳ ಕಾಡಿನ ನಡುವೆ ಆ ಹೋರಿ ಸಂದು ಹುಡುಕುವುದು, ಎಡಕ್ಕೆ ಹೊರಳಿದಂತೆ ಮಾಡಿ ಬಲಕ್ಕೆ ಚಿಮ್ಮುವುದು, ಕೊಬ್ಬರಿ ಹಾರ ಕೊರಳಲ್ಲೇ ಕುಣಿಯುವುದು!