ವ್ಯಭಿಚಾರಕ್ಕ ಜೈಲಿಲ್ಲ, ವಿಚ್ಛೇದನ ಐತಿ

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಮಂದಿ, ಕೇಳ್ರಿ. 1947ರಾಗ ನಮ್ಮ ಧಾರವಾಡ ಮುಂಬಯಿ ಪ್ರಾಂತ್ಯದಾಗ ಇತ್ತು. ಗಂಡ ಇನ್ನೊಬ್ಬಾಕೀನ ಇಟ್ಟುಕೊಂಡಿದ್ರ ಹೆಂಡತಿ ವಿಚ್ಛೇದನ ಕೇಳಬಹುದು ಅಂತ ಅಲ್ಲಿ ಅದೇ ವರ್ಷ ಕಾಯ್ದೆ ಬಂತು.

1955ರ ಹಿಂದೂ ವಿವಾಹ ಕಾಯ್ದೆಗೆ ಒಂದು ಸಲದ ತಪ್ಪು ಸಾಲತಿರಲಿಲ್ಲ, ವ್ಯಭಿಚಾರ ನಡದೇ ಇರಬೇಕಿತ್ತು. 1976ರ ತಿದ್ದುಪಡಿ ಆದಮ್ಯಾಲೆ ಒಂದು ಸಲ ನಡೆದದ್ದು ಸಾಬೀತಾದ್ರೂ ಸಾಕು.

ಕ್ರೈಸ್ತರ 1869ರ ಕಾಯ್ದೆಯೊಳಗ ಹೆಂಡತಿಯ ಪ್ರಿಯಕರನಿಂದ ಗಂಡ ಪರಿಹಾರದ ರೊಕ್ಕ ಕೇಳಬಹುದಿತ್ತು. ಹೆಂಡತಿಗೆ ಅಂಥಾ ಹಕ್ಕಿರಲಿಲ್ಲ. 2001ರಾಗ ಆ ಕಲಮು ತೆಗೆದರು.

2018ರಾಗ ಸುಪ್ರೀಂ ಕೋರ್ಟ್ ವ್ಯಭಿಚಾರಕ್ಕ ಜೈಲು ಶಿಕ್ಷೆ ಇಟ್ಟಿದ್ದ ಐಪಿಸಿ 497ನೇ ಕಲಮು ರದ್ದು ಮಾಡಿತು: ಹೆಂಡತಿ ಗಂಡನ ಆಸ್ತಿ ಅಲ್ಲ. ಆದ್ರ ವಿಚ್ಛೇದನಕ್ಕ ವ್ಯಭಿಚಾರ ಇವತ್ತಿಗೂ ಕಾರಣ.

ಸಂಶಯ ಬಂದ್ರ ಕೈ ಎತ್ತಬ್ಯಾಡ್ರಿ. ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗ್ರಿ. ಹೆಣ್ಣುಮಕ್ಕಳಿಗೆ ವಕೀಲರ ನೆರವು ಪುಕ್ಕಟೆ.